ಐದು ಮೀಟರ್ ತಂತಿ

ಇಂದುಮತಿ ಪೇಷ್ಕಾರರದು ನಾಲ್ಕು ತಲೆಮಾರುಗಳಿಂದ ಹೆಸರು ಉಳಿಸಿಕೊಂಡು ಬಂದ ಮನೆತನ. ಮುತ್ತಜ್ಜ ಊರಿಗೆ ಮೊದಲ ವಾಚನಾಲಯ ಕಟ್ಟಿಸಿದವರು. ಅಜ್ಜ ಮಾತು ಕೊಟ್ಟರೆ ಯಾರೂ ಕಾಗದ ಕೇಳುತ್ತಿರಲಿಲ್ಲ. ಇಂದುಮತಿ ಕಾನ್ವೆಂಟಿನಲ್ಲಿ ಓದಿದರು, ಅಚ್ಚುಕಟ್ಟಾಗಿ ಸಂಸಾರ ನಡೆಸಿದರು, ಐವತ್ತೆಂಟನೆಯ ವಯಸ್ಸಿನಲ್ಲಿ ನದೀತೀರದ ಆಶ್ರಮಕ್ಕೆ ಬಂದು ನಿರಂಜನ ಗುರುಗಳ ಶಿಷ್ಯೆಯಾದರು.

ಹಳೆಯ ಓಲೆಗರಿಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸುವ ಕೆಲಸ ಅವರ ಪಾಲಿಗೆ ಬಂತು. ತೃಪ್ತಿಯಿಂದಲೇ ಮಾಡುತ್ತಿದ್ದರು.

ಒಂದು ಮಂಗಳವಾರ ಸ್ಕ್ಯಾನರ್ ಮುಷ್ಕರ ಹೂಡಿತು. ದೀಪ ಮಿಣುಕಿ ಆರಿತು. ಪರದೆಯ ಮೇಲೆ ಒಂದೇ ಸಾಲು: ಯುಎಸ್‌ಬಿ ಸಾಧನವನ್ನು ಗುರುತಿಸಲಾಗಲಿಲ್ಲ.

ಇಂದುಮತಿ ನೇರವಾಗಿ ಗುರುಗಳ ಬಳಿ ಹೋದರು.

"ಕಸ ಗುಡಿಸುವ ನಂಜವ್ವ ಸ್ಕ್ಯಾನರ್ ಹಾಳು ಮಾಡಿದ್ದಾಳೆ. ಇನ್ನು ಆ ಕೋಣೆಗೆ ಕಾಲಿಡಬೇಡ ಎಂದಿದ್ದೇನೆ."

ನಂಜವ್ವ ಹಿಂದೆಯೇ ಬಂದಿದ್ದಳು. "ಹದಿನಾರು ವರ್ಷ ಗುಡಿಸಿದೀನಿ ಸ್ವಾಮಿ, ಒಂದು ಗರಿ ಮುರಿದಿಲ್ಲ. ನನ್ನ ಪೊರಕೆಗೆ ಕಣ್ಣಿದೆ, ಈ ಅಮ್ಮನ ಬಾಯಿಗಿಲ್ಲ. ಇಂಥ ಮಾತು ಬಿದ್ದ ಮೇಲೆ ಇಲ್ಲಿರೋದು ಹೆಂಗೆ? ಮಗಳ ಊರಿಗೆ ಹೊರಟೆ."

"ಊಟದವರೆಗೆ ತಾಳು," ಎಂದರು ಗುರುಗಳು. ಇಂದುಮತಿಯವರ ಕಡೆ ತಿರುಗಿದರು. "ಏನೇನು ಮಾಡಿ ನೋಡಿದಿರಿ, ತಾಯಿ?"

"ಡ್ರೈವರ್ ತೆಗೆದು ಮತ್ತೆ ಹಾಕಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ."

"ಸ್ಕ್ಯಾನರನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದಿರಾ?"

"ಅಗತ್ಯ ಕಾಣಲಿಲ್ಲ. ಹಾಳಾಗಿದೆ ಎಂದು ಗೊತ್ತೇ ಇತ್ತಲ್ಲ."

ಗುರುಗಳು ಆ ಕೋಣೆಗೆ ಹೋಗಿ ಬೀರುವಿನ ಮೇಲಿದ್ದ ಸ್ಕ್ಯಾನರನ್ನು ಇಳಿಸಿ, ಬಗಲಲ್ಲಿಟ್ಟುಕೊಂಡು ಅತಿಥಿಗೃಹಕ್ಕೆ ನಡೆದರು. ಅದರದೇ ತಂತಿಯಿಂದ ಅಲ್ಲಿಯ ಕಂಪ್ಯೂಟರಿಗೆ ಸಿಕ್ಕಿಸಿದ ಕೂಡಲೇ ಅದು ಬೆಳಗಿತು.

"ಇದು ಚೆನ್ನಾಗಿದೆ."

ಹಿಂದಿರುಗಿ, ಕೋಣೆಯ ಕಂಪ್ಯೂಟರಿನ ಅದೇ ಕಿಂಡಿಗೆ ಒಂದು ಪೆನ್‌ಡ್ರೈವ್ ಹಾಕಿದರು. ತೆರೆದುಕೊಂಡಿತು.

"ಇದೂ ಚೆನ್ನಾಗಿದೆ."

"ಹಾಗಾದರೆ ಇವೆರಡಕ್ಕೂ ಹೊಂದಾಣಿಕೆಯಿಲ್ಲ," ಎಂದರು ಇಂದುಮತಿ.

"ಹೋದ ವಾರ ಇತ್ತಲ್ಲ. ಆಮೇಲೆ ನಡುವೆ ಏನು ಬಂತು?"

"ಏನೂ ಇಲ್ಲ. ನಿನ್ನೆ ಸ್ಕ್ಯಾನರನ್ನು ಜೋಪಾನವಾಗಿ ಬೀರುವಿನ ಮೇಲಿಟ್ಟೆ. ಅದರ ತಂತಿ ಸಾಲಲಿಲ್ಲ. ನಮ್ಮ ಮನೆಯಿಂದ ಐದು ಮೀಟರಿನ ಇನ್ನೊಂದು ತಂತಿ ತರಿಸಿ ಜೋಡಿಸಿದೆ. ಒಳ್ಳೆಯ ತಂತಿ."

"ಯಾವುದರಿಂದ ಜೋಪಾನ?"

ಇಂದುಮತಿ ಸೆರಗು ಸರಿಮಾಡಿಕೊಂಡರು.

"ನಂಜವ್ವನ ಪೊರಕೆಯಿಂದ."

ಗುರುಗಳು ಉದ್ದ ತಂತಿಯನ್ನು ಸುತ್ತಿ ಪಕ್ಕಕ್ಕಿಟ್ಟರು. ಸ್ಕ್ಯಾನರನ್ನು ಮೊದಲಿನ ಹಾಗೆ ಕಂಪ್ಯೂಟರಿನ ಮಗ್ಗುಲಲ್ಲಿಟ್ಟು ಅದರದೇ ಗಿಡ್ಡ ತಂತಿ ಸಿಕ್ಕಿಸಿದರು. ದೀಪ ಮಿಣುಕದೆ ಉರಿಯಿತು.

"ಇದಕ್ಕೆ ಬೇರೆ ಕರೆಂಟಿಲ್ಲ, ತಾಯಿ. ಈ ತಂತಿಯಲ್ಲಿ ಬರುವುದೇ ಇದರ ಊಟ. ಅಷ್ಟು ದೂರ ಕೂರಿಸಿದರೆ ಬಡಿಸಿದ್ದು ದಾರಿಯಲ್ಲೇ ಮುಗಿಯುತ್ತದೆ."

ಇಂದುಮತಿ ಒಂದು ಗರಿ ಇಟ್ಟು ಗುಂಡಿ ಒತ್ತಿದರು. ಮುತ್ತು ಪೋಣಿಸಿದಂಥ ಅಕ್ಷರಗಳು ಪರದೆಯ ಮೇಲೆ ಮೂಡಿದವು. ಅವರ ಮನಸ್ಸು ಹಗುರಾಯಿತು.

ಕಿಟಕಿಯಾಚೆ ನಂಜವ್ವ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು.

"ನಂಜವ್ವ ನಾಳೆಯಿಂದ ಈ ಕೋಣೆಗೆ ಬರಲಿ," ಎಂದರು ಇಂದುಮತಿ. "ನನ್ನ ಅಭ್ಯಂತರವಿಲ್ಲ."

ಗುರುಗಳು ಸುತ್ತಿಟ್ಟ ಉದ್ದ ತಂತಿಯನ್ನು ಇಂದುಮತಿಯವರ ಕೈಗೆ ಕೊಟ್ಟರು.

"ಬೇಕಾದರೆ ಒಂದು ಒಳ್ಳೆಯ ಸೀರೆಯನ್ನೂ ಕೊಡುತ್ತೇನೆ."

"ಸೀರೆ ಬೇಡ," ಎಂದರು ಗುರುಗಳು. "ಹೋಗಿ ಕ್ಷಮೆ ಕೇಳಿ."