ಎರಡು ಕೈಗಳ ಸಾಕ್ಷಿ

ಮುನ್ಸೀಫ್ ಭುಜಂಗರಾಯರಿಗೆ ತಮ್ಮ ತೀರ್ಪಿನ ಮೇಲೆ ಇದ್ದಷ್ಟೇ ನಂಬಿಕೆ ತಮ್ಮ ಬಲಗೈಯ ಮೇಲೂ ಇತ್ತು. ಚಳಿಗಾಲದ ಬೆಳಿಗ್ಗೆ ಇದ್ದಿಲ ಒಲೆಯ ಮುಂದೆ ಅಂಗೈ ಕಾಯಿಸಿಕೊಂಡು, ನೇರವಾಗಿ ಬಚ್ಚಲಿಗೆ ಬಂದು, ಹಂಡೆಯ ನೀರಿಗೆ ಆ ಕೈ ಅದ್ದಿ ನೋಡುವುದು ಅವರ ಕ್ರಮ.

"ಇವತ್ತೂ ತಣ್ಣೀರೇ! ನಾಳೆಯಿಂದ ನೀನು ಬರಬೇಡ," ಎಂದರು ಒಂದು ದಿನ.

ನೀರು ಕಾಯಿಸುವ ಆಳಿಗೆ ಆ ಕೆಲಸವೊಂದೇ ಆಧಾರ. ಆದರೂ ಅವನು ಕಾಲು ಹಿಡಿಯಲಿಲ್ಲ.

"ಒಬ್ಬನೇ ಸಾಕ್ಷಿಯ ಮಾತಿಗೆ ಶಿಕ್ಷೆಯೇ ಬುದ್ಧೀ? ಎಡಗೈಯನ್ನೂ ಒಂದು ಮಾತು ಕೇಳಬಾರದೇ?"

ರಾಯರಿಗೆ ನಗು ಬಂತು. "ಆಗಲಿ, ಅದನ್ನೂ ವಿಚಾರಿಸೋಣ."

ರಾತ್ರಿಯೆಲ್ಲ ಅಂಗಳದಲ್ಲಿದ್ದ ತಪ್ಪಲೆಯ ತಣ್ಣೀರನ್ನು ಒಲೆಯ ಪಕ್ಕಕ್ಕೆ ತಂದು, ಆಳು ಅದರಲ್ಲಿ ಅವರ ಎಡಗೈಯನ್ನು ಇರಿಸಿದ. ಬಲಗೈಯನ್ನು ಮತ್ತೆ ಒಲೆಯ ಕಾವಿಗೆ ಹಿಡಿಸಿದ. ನೂರು ಎಣಿಸಿ, ಎರಡನ್ನೂ ಒಟ್ಟಿಗೆ ಹಂಡೆಗೆ ಅದ್ದಿಸಿದ.

"ಬಲಗೈ ಏನೆನ್ನುತ್ತದೆ ಬುದ್ಧೀ?"

"ತಣ್ಣಗಿದೆ ಎನ್ನುತ್ತದೆ."

"ಎಡಗೈ?"

ರಾಯರು ಎಡಗೈಯನ್ನು ನೀರಿನಲ್ಲಿ ಇನ್ನಷ್ಟು ಆಳಕ್ಕೆ ಇಳಿಸಿದರು. "ಬಿಸಿ," ಎಂದರು ಮೆಲ್ಲಗೆ. "ಒಳ್ಳೆಯ ಬಿಸಿ."

"ಹಂಡೆ ಒಂದೇ, ನೀರು ಒಂದೇ. ಕೈಗಳೆರಡೂ ತಮ್ಮವೇ. ಸುಳ್ಳು ಹೇಳಿದ್ದು ಯಾವುದು?"

ಕಚೇರಿಯಲ್ಲಿ ದಾರಿ ಕಾಣದಾಗ ಮಾಡುತ್ತಿದ್ದಂತೆ ರಾಯರು ಗಂಟಲು ಸರಿಪಡಿಸಿಕೊಂಡರು.

"ತೀರ್ಪನ್ನು ನಾಳೆಗೆ ಮುಂದೂಡಿದ್ದೇನೆ."

"ಅಪ್ಪಣೆ. ಸ್ನಾನವನ್ನು ಮಾತ್ರ ಮುಂದೂಡಬೇಡಿ ಬುದ್ಧೀ. ಆಮೇಲೆ ನೀರು ತಣ್ಣಗಾಯಿತೆಂದು ಎರಡು ಕೈಗಳೂ ಒಂದೇ ಸಾಕ್ಷಿ ಹೇಳುತ್ತವೆ."

ರಾಯರು ಎರಡೂ ಕೈಯಲ್ಲಿ ಚೊಂಬನ್ನು ಎತ್ತಿಕೊಂಡರು. ಆ ತೀರ್ಪಿನ ನಾಳೆ ಬರಲೇ ಇಲ್ಲ. ಚಳಿಗಾಲ ಮುಗಿಯುವವರೆಗೂ ಹಂಡೆಗೆ ಉರಿ ಹಾಕಿದವನು ಅವನೇ.