ಹೋಗಿ ಬಾ, ಕಪ್ಪಣ್ಣಾ

ಈ ಕಥೆಯ ನದಿ ಯಾವ ಭೂಪಟದಲ್ಲೂ ಇಲ್ಲ. ಅದು ಒಂದು ಆನ್‌ಲೈನ್ ಆಟದೊಳಗೆ ಹರಿಯುತ್ತದೆ. ಆಡುವವರು ಬೇರೆ ಬೇರೆ ಊರುಗಳಲ್ಲಿ, ತಮ್ಮ ತಮ್ಮ ಮನೆಗಳಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾರೆ. ಆದರೆ ಆಡುವಷ್ಟು ಹೊತ್ತು ಅವರೆಲ್ಲ ಇರುವುದು ಆ ನದಿಯ ದಡದಲ್ಲೇ.

ದಡದ ಮೇಲೆ ಒಂದು ಆಶ್ರಮ. ಅಲ್ಲಿ ಸಿಂಗಬ್ಬೆ ಎಂಬ ಗುರು ಆವಾಹನೆಯ ವಿದ್ಯೆ ಕಲಿಸುತ್ತಿದ್ದರು.

ಆವಾಹನೆ ಎಂದರೆ ಕರೆಯುವುದು. ಪೂಜೆಯಲ್ಲಿ ಕಲಶಕ್ಕೆ ದೇವರನ್ನು ಕರೆಯುತ್ತೇವಲ್ಲ, ಅದೇ ಮಾತು. ಈ ಆಟದಲ್ಲಿ ಕರೆಯುವುದು ಕಾಡಿನ ಪ್ರಾಣಿಗಳನ್ನು. ಹೆಸರು ಹಿಡಿದು "ಬಾ" ಎಂದರೆ ಪ್ರಾಣಿ ಬಂದು ಎದುರಿಗೆ ನಿಲ್ಲುತ್ತದೆ, ಹೇಳಿದ ಕೆಲಸ ಮಾಡುತ್ತದೆ. ಕೆಲಸ ಮುಗಿದ ಮೇಲೆ ಬಾಯಿಬಿಟ್ಟು ಹೇಳಿ ಕಳಿಸಬೇಕು. ಕೇಳಲು ಇಷ್ಟೇ. ಆದರೆ ಪ್ರಾಣಿ ನಮ್ಮ ದನಿಯನ್ನು ನಂಬಬೇಕಲ್ಲ, ಅದಕ್ಕೆ ವರ್ಷಗಳೇ ಹಿಡಿಯುತ್ತವೆ.

ಒಂದು ಸಂಜೆ ಶಿಷ್ಯ ಇಂದುಧರ ಓಡಿ ಬಂದ.

"ಗುರುಗಳೇ! ಕೆಟ್ಟೆವು! ಎಲ್ಲ ಮುಗೀತು!"

"ಮುಗಿದಿದ್ದರೆ ಓಡಿ ಬಂದದ್ದು ಯಾಕೆ?" ಎಂದರು ಸಿಂಗಬ್ಬೆ.

"ಇವತ್ತು ಪೇಟೆಯಲ್ಲಿ ಸಭೆ. ಆವಾಹನೆ ಅಪರಾಧ ಅಂತ ಕಾನೂನು ಮಾಡ್ತಾರಂತೆ! ಕರೆಯುವವರ ಖಾತೆ ಬಂದ್. ಕರೆದ ಪ್ರಾಣಿಗಳನ್ನ ಕಂಡಲ್ಲಿ ಕೊಲ್ಲಬೇಕಂತೆ!"

ಈ ಆಟದಲ್ಲಿ ಸತ್ತ ಪ್ರಾಣಿ ಮತ್ತೆ ಹುಟ್ಟುವುದಿಲ್ಲ. ಇಂದುಧರನಿಗೆ ಒಂದು ಕರಡಿ ಇತ್ತು. ಅದಕ್ಕೆ ಅವನು ಕಪ್ಪಣ್ಣ ಎಂದು ಹೆಸರಿಟ್ಟಿದ್ದ. ಅವನ ದನಿಯನ್ನು ನಂಬಿದ ಪ್ರಾಣಿ ಅದೊಂದೇ. ಆ ಕಾನೂನು ಆದರೆ ಮೊದಲು ಬಾಣ ಬೀಳುವುದು ಅದಕ್ಕೇ ಎಂದು ಇಂದುಧರ ಅಲವತ್ತುಕೊಂಡ.

"ಯಾಕೆ ಕಪ್ಪಣ್ಣನಿಗೇ?"

ಇಂದುಧರ ತಲೆ ತಗ್ಗಿಸಿದ. "ಅದು ದಿನಾ ಪೇಟೆಗೆ ಹೋಗಿ ಮಾಳವ್ವನ ಮಡಕೆ ಒಡೀತಿದೆ. ನಾನು ಕಳಿಸ್ತೀನಿ ಗುರುಗಳೇ, ತಪ್ಪದೇ ಕಳಿಸ್ತೀನಿ. ಅದು ತಾನಾಗೇ ವಾಪಸ್ ಬರುತ್ತೆ!"

"ಕರೆಯದೆ ಯಾವ ಪ್ರಾಣಿಯೂ ಬರುವುದಿಲ್ಲ."

"ಕಪ್ಪಣ್ಣ ಬರ್ತಾನೆ!"

"ಹಾಗಾದರೆ ಈಗ ಕರೆ."

"ಈಗಲಾ? ಸಭೆಗೆ ಹೊತ್ತಾಯ್ತು!"

"ಕರೆ."

ಇಂದುಧರ ಕಾಡಿನ ಕಡೆ ತಿರುಗಿ ಕೂಗಿದ. "ಕಪ್ಪಣ್ಣಾ, ಬಾ!"

ಗಾಳಿ ಅಲುಗಿತು. ದೊಡ್ಡ ಕರಿ ಕರಡಿಯೊಂದು ಎದುರಿಗೆ ಬಂದು ಕೂತು ಕಿವಿ ಕೆರೆದುಕೊಂಡಿತು.

"ಕೆಲಸ ಹೇಳು."

ಅವನು ಕೊಡ ತೋರಿಸಿದ. ಕರಡಿ ನದಿಗಿಳಿದು ನೀರು ತಂದಿತು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು. ಆದರೂ ಅದಕ್ಕೆ ತುಂಬ ಹೆಮ್ಮೆ.

"ಈಗ ಕಳಿಸು."

ಇಂದುಧರ ಕರಡಿಯ ಬೆನ್ನು ತಟ್ಟಿದ. ಪ್ರೀತಿಯಿಂದ ಹೇಳಿದ. "ಹೋಗಿ ಬಾ, ಕಪ್ಪಣ್ಣಾ."

ಕರಡಿ ಮಾಯವಾಯಿತು.

"ನೋಡಿದ್ರಾ? ಕಳಿಸಿದೆ! ಬನ್ನಿ, ಸಭೆಗೆ ಓಡೋಣ."

"ಕೂತುಕೋ."

"ಗುರುಗಳೇ!"

"ದಿನಾ ಅದನ್ನ ಕಳಿಸಿ ನೀನು ಏನು ಮಾಡ್ತೀಯ?"

"ನನ್ನ ಪಾಡಿಗೆ ನಾನು ಹೊರಡ್ತೀನಿ. ಬೇರೆ ಕೆಲಸ ಇರಲ್ವಾ?"

"ಇವತ್ತು ಕೂತುಕೋ."

ಅವನು ಕೂತ. ಕಾಲು ಮಾತ್ರ ಕುಣಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಅವನ ಕುತ್ತಿಗೆಯನ್ನು ಮೂಸಿದರು. ತಿರುಗಿ ನೋಡಿದರೆ ಕಪ್ಪಣ್ಣ!

"ನಾನು ಹೇಳಲಿಲ್ವಾ! ತಾನಾಗೇ ಬಂತು! ಕಣ್ಣಾರೆ ನೋಡಿದ್ರಲ್ಲ!"

"ನೀನು ಕರೆದೆ, ಅದು ಬಂತು."

"ನಾನೆಲ್ಲಿ ಕರೆದೆ?"

"ಕಳಿಸುವುದಕ್ಕೆ ನಾನು ಕಲಿಸಿದ ಮಾತು ಯಾವುದು?"

"ಹೋಗು."

"ನೀನು ಹೇಳಿದ್ದು?"

"ಅದನ್ನೇ. ಸ್ವಲ್ಪ ಮರ್ಯಾದೆಯಾಗಿ ಹೇಳಿದೆ, ಅಷ್ಟೇ."

ಇಂದುಧರ ತನ್ನ ಮಾತನ್ನು ತಾನೇ ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡ. "ಹೋಗಿ... ಬಾ."

ಆಮೇಲೆ ಎದ್ದು ಕುಣಿದೇಬಿಟ್ಟ.

"ಬಾ! ಅಯ್ಯೋ! ಕೊನೆಗೆ 'ಬಾ' ಇದೆ! ಹೋಗು ಅಂತಲೂ ಹೇಳ್ತೀನಿ, ಅದೇ ಉಸಿರಲ್ಲಿ ಕರೀತೀನಿ! ಕಾಡಿಗೆ ಹೋಗಿ, ಅದು ಮತ್ತೆ ಇಲ್ಲಿಗೆ ಬರುವಷ್ಟರಲ್ಲಿ ನಾನು ಹೊರಟು ಹೋಗಿರ್ತೀನಿ! ಅದಕ್ಕೇ ಪೇಟೆಗೆ ನುಗ್ಗುತ್ತೆ!"

"ಸರಿ. ಈಗ ಸರಿಯಾದ ಮಾತು ಹೇಳಿ ಕಳಿಸು."

ಇಂದುಧರ ಕರಡಿಯ ಮುಂದೆ ನಿಂತ. ಬಾಯಿ ತೆರೆದ, ಮುಚ್ಚಿದ. ಕರಡಿ ಕತ್ತು ವಾಲಿಸಿ ನೋಡಿತು.

"ಹೋಗಿ ಬಾ," ಎಂದುಬಿಟ್ಟ. ತಕ್ಷಣ ಬಾಯಿ ಮುಚ್ಚಿಕೊಂಡ.

ಕರಡಿ ಹೋಯಿತು. ಬಂತು.

"ಗುರುಗಳೇ, ನನ್ನಿಂದ ಆಗಲ್ಲ! ಹೊರಟವರಿಗೆ ಬರೀ 'ಹೋಗು' ಅಂತ ಹೆಂಗೆ ಅನ್ನೋದು? ಜಗಳ ಆಡಿದಾಗ ಅನ್ನೋ ಮಾತು ಅದು. ಶಾಲೆಗೆ ಹೊರಟಾಗ 'ಹೋಗ್ತೀನಿ' ಅಂದರೆ ನಮ್ಮಮ್ಮ ವಾಪಸ್ ಕರೆದು, 'ಹೋಗಿ ಬರ್ತೀನಿ ಅನ್ನು' ಅಂತ ತಿದ್ದಿ ಕಳಿಸ್ತಿದ್ರು."

"ಹೋಗು ಅಂದರೆ ನಿನಗೆ ಭಯ ಏನು?"

ಅವನು ಕರಡಿಯ ಕಿವಿ ಹಿಡಿದುಕೊಂಡ. "ಮತ್ತೆ ಬರದೇ ಇದ್ದರೆ?"

"ಭಯ ಕರಡಿಗೋ, ನಿನಗೋ?"

ಸಿಂಗಬ್ಬೆ ಎದ್ದು ಪೇಟೆಯ ದಾರಿ ಹಿಡಿದರು. ಅವರ ಹಿಂದೆ ಇಂದುಧರ, ಇಂದುಧರನ ಹಿಂದೆ ಕಪ್ಪಣ್ಣ.

ಪೇಟೆಯ ಬಯಲು ಜನರಿಂದ ತುಂಬಿತ್ತು. ಬಿಲ್ಲುಗಾರರು ಸಾಲಾಗಿ ನಿಂತಿದ್ದರು. ಕಟ್ಟೆಯ ಮೇಲೆ ಪೇಟೆಯ ಯಜಮಾನ ಬೊಮ್ಮರಸ ನಿಂತಿದ್ದ. ಡಂಗುರ ಹೊಡೆಸಿ ಎಲ್ಲರನ್ನೂ ಕರೆಸಿದ್ದು ಅವನೇ. ಆದರೆ ಅವನು ಕೈ ಎತ್ತಿದವನು ಎತ್ತಿದ ಹಾಗೇ ಬೊಂಬೆಯಂತೆ ನಿಂತಿದ್ದ.

"ಏನಾಯ್ತು ಯಜಮಾನರಿಗೆ?" ಇಂದುಧರ ಕೇಳಿದ.

"ಮನೇಲಿ ಊಟಕ್ಕೆ ಕರೆದ್ರಂತೆ, ಎದ್ದು ಹೋಗಿದಾರೆ," ಎಂದ ಒಬ್ಬ. "ನಾವು ಇಲ್ಲಿ ಒಣಗ್ತಾ ಇದೀವಿ." ಅಷ್ಟರಲ್ಲಿ ಅವನ ಕಣ್ಣು ಕರಡಿಯ ಮೇಲೆ ಬಿತ್ತು. "ಏ ಇಂದುಧರ, ನಿಮ್ಮಣ್ಣನ್ನೂ ಕರ್ಕೊಂಡು ಬಂದ್ಯಾ? ಅವನಿಗೂ ವೋಟು ಇದೆಯಾ?"

ಜನ ನಕ್ಕರು. ಬಿಲ್ಲುಗಾರರು ಮಾತ್ರ ನಗದೆ ಬಾಣ ಹೂಡಿದರು.

ಬೊಮ್ಮರಸನ ಕೈ ಕೆಳಗಿಳಿಯಿತು. ಅವನು ವಾಪಸ್ ಬಂದಿದ್ದ. ಕರಡಿಯನ್ನು ನೋಡಿದ.

"ಓಹೋ! ಅಪರಾಧಿ ಅಪರಾಧದ ಸಮೇತ ಬಂದಿದಾನೆ! ಮಾಳವ್ವ, ಇದೇ ಕರಡಿ ತಾನೆ?"

ಮಾಳವ್ವ ಪೇಟೆಯಲ್ಲಿ ಮಡಕೆ ಮಾಡಿ ಮಾರುವವಳು. ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು.

"ಇದೇ ಮಾರಾಯ್ರೇ! ದಿನಾ ಬರುತ್ತೆ. ಒಂದೊಂದೇ ಮಡಕೆ ಎತ್ತುತ್ತೆ, ಒಳಗೆ ಇಣುಕುತ್ತೆ, ಬಿಸಾಕುತ್ತೆ!"

ಸಿಂಗಬ್ಬೆ ಕೇಳಿದರು. "ಒಳಗೆ ಇದ್ದದ್ದನ್ನು ತಿನ್ನುತ್ತದಾ, ತಾಯಿ?"

"ತಿಂದಿದ್ರೆ ಹಸಿವು ಅಂತ ಬಿಡ್ತಿದ್ದೆ. ಬೆಲ್ಲ ಇಟ್ಟರೂ ಮೂತಿ ತಿರುಗಿಸುತ್ತೆ. ಹೋಗಿ ಬರೋರ ಹತ್ತಿರ ಹೋಗಿ ಮುಖ ನೋಡುತ್ತೆ, ಮೂಸುತ್ತೆ, ಮತ್ತೆ ಮಡಕೆಗೆ ಬರುತ್ತೆ. ಏನು ಬೇಕು ಅದಕ್ಕೆ ಅಂತಲೇ ಗೊತ್ತಾಗ್ತಿಲ್ಲ!"

ಇಂದುಧರನ ಮುಖ ಬಣ್ಣಗೆಟ್ಟಿತು.

"ನನ್ನನ್ನ," ಎಂದ. "ಅದು ನನ್ನನ್ನ ಹುಡುಕ್ತಾ ಇತ್ತು."

"ಮಡಕೆಯೊಳಗಾ?" ಎಂದು ಯಾರೋ ಕೂಗಿದರು. ಬಯಲೆಲ್ಲ ನಗು.

ಇಂದುಧರ ನಗಲಿಲ್ಲ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ತಾನು ದಿನಾ ಹೋಗಿ ಬಾ ಎಂದದ್ದು, ಕರಡಿ 'ಬಾ' ಎಂಬುದನ್ನು ಕರೆ ಎಂದೇ ತಿಳಿದದ್ದು, ಅದು ಬಂದು ನಿಂತಾಗ ತಾನು ಅಲ್ಲಿ ಇಲ್ಲದೇ ಹೋದದ್ದು.

ಗುಂಪಿನಲ್ಲಿ ಒಬ್ಬೊಬ್ಬರೇ ಹಣೆ ಹಣೆ ಚಚ್ಚಿಕೊಳ್ಳತೊಡಗಿದರು.

"ಅಯ್ಯೋ, ನಾನೂ ನನ್ನ ನವಿಲಿಗೆ ಹಾಗೇ ಅಂತೀನಿ!"

"ನನ್ನ ಕೋಣ! ಅದಕ್ಕೇನಾ ದಿನಾ ಯಜಮಾನರ ಅಂಗಳದಲ್ಲಿ ಮಲಗೋದು?"

"ಅದು ನಿನ್ನದಾ?" ಎಂದು ಬೊಮ್ಮರಸ ಕಣ್ಣು ಕೆಂಪಗೆ ಮಾಡಿದ. ಆಮೇಲೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

"ಕಥೆ ಚೆನ್ನಾಗಿದೆ. ಆದರೆ ನನಗೆ ಕಣ್ಣಿಗೆ ಕಾಣಬೇಕು. ಇಂದುಧರ, ಈಗ ಇಲ್ಲೇ ಅದನ್ನ ಕಳಿಸು. ಅದು ಬರದಿದ್ದರೆ ನಿನ್ನ ಮಾತು ನಿಜ. ಬಂದರೆ ಬಾಣ ಬಿಡಿಸ್ತೀನಿ, ಕಾನೂನನ್ನೂ ಜಾರಿ ಮಾಡ್ತೀನಿ."

ಬಿಲ್ಲುಗಾರರು ಗುರಿ ಹಿಡಿದರು.

ಇಂದುಧರ ಕಪ್ಪಣ್ಣನ ಮುಂದೆ ನಿಂತ. ಒಂದೇ ಒಂದು ಅಕ್ಷರ ಹೆಚ್ಚಿಗೆ ಬಂದರೂ ಕರಡಿ ಸಾಯುತ್ತದೆ.

"ಹೋಗಿ..."

ಗುಂಪು ಉಸಿರು ಹಿಡಿಯಿತು. ಮಾಳವ್ವ ಕೂಗಿದಳು. "ಏ ಹುಡುಗಾ, ನಾಲಿಗೆ ಬಿಗಿ ಹಿಡ್ಕೋ! ಮುಂದೆ ಏನೂ ಹೇಳಬ್ಯಾಡ!"

ಅವನು ನಾಲಿಗೆ ಕಚ್ಚಿ ನಿಂತ. ಗುರುವಿನ ಕಡೆ ನೋಡಿದ.

ಸಿಂಗಬ್ಬೆ ಅವನನ್ನು ನೋಡುತ್ತಿರಲಿಲ್ಲ. ಕರಡಿಯನ್ನು ನೋಡುತ್ತಿದ್ದರು.

ಅವನೂ ಕರಡಿಯನ್ನು ನೋಡಿದ. ಅಷ್ಟು ಜನ, ಅಷ್ಟು ಬಾಣಗಳ ನಡುವೆ ಅದು ನೋಡುತ್ತಿದ್ದದ್ದು ಅವನೊಬ್ಬನ ಬಾಯಿಯನ್ನು. ಏನು ಕೆಲಸ ಹೇಳುತ್ತಾನೋ ಎಂದು ಕಾಯುತ್ತಿತ್ತು. ಇಷ್ಟು ದಿನವೂ ಹೀಗೇ ಬಂದು ಕಾದಿತ್ತು, ಅವನೇ ಇರಲಿಲ್ಲ.

ಇಂದುಧರ ಮಂಡಿಯೂರಿ ಅದರ ಎರಡೂ ಕಿವಿಗಳನ್ನು ಹಿಡಿದ.

"ಕೆಲಸ ಏನೂ ಇಲ್ಲ, ಕಪ್ಪಣ್ಣಾ. ಹೋಗು."

ಕರಡಿ ಅವನ ಅಂಗೈಯನ್ನು ಒಮ್ಮೆ ಮೂಸಿತು. ಮಾಯವಾಯಿತು.

ಎಲ್ಲರೂ ಕಾದರು. ಬಿಲ್ಲುಗಾರರು ಕಣ್ಣು ಪಿಳುಕಿಸಲಿಲ್ಲ. ಎಲ್ಲೋ ಒಂದು ಮಡಕೆ ಉರುಳಿತು, ಎಲ್ಲರೂ ಹಾರಿಬಿದ್ದರು. ಮಾಳವ್ವನ ಬೆಕ್ಕು ಅದು.

ಕರಡಿ ಬರಲಿಲ್ಲ.

ಇನ್ನೂ ಕಾದರು. ಬರಲಿಲ್ಲ.

"ಬರಲಿಲ್ಲ!" ಎಂದು ಚೀರಿದವಳು ಮಾಳವ್ವನೇ. ಬಯಲು ಸಿಡಿಯಿತು. ಟೋಪಿಗಳು ಹಾರಿದವು. ಬಿಲ್ಲುಗಾರನೊಬ್ಬ ಖುಷಿಯಿಂದ ಆಕಾಶಕ್ಕೆ ಬಾಣ ಬಿಟ್ಟ, ಅದು ವಾಪಸ್ ಬೀಳುವಾಗ ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ಇಂದುಧರ ನಗುತ್ತಿದ್ದ, ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಯಾವುದನ್ನು ತಡೆಯಬೇಕೋ ಅವನಿಗೇ ತಿಳಿಯಲಿಲ್ಲ.

"ನಾಳೆಯಿಂದ ಮಣ್ಣು ಹೊತ್ತು ತಂದುಕೊಡ್ತೀನಿ, ಮಾಳವ್ವಾ. ಒಡೆದ ಮಡಕೆಗಳು ಮತ್ತೆ ಆಗೋವರೆಗೂ."

"ನೀನೇ ಹೊರಬೇಕು. ಕರಡಿ ಕೈಲಿ ಹೊರಿಸಿದ್ರೆ ನೋಡು ಮತ್ತೆ!"

ಕಟ್ಟೆಯ ಹಿಂದೆ ಕಾನೂನು ಬರೆಯುವ ದೊಡ್ಡ ಕಲ್ಲು ಇತ್ತು. ಬೊಮ್ಮರಸ ಆಗಲೇ ಅದರ ಮೇಲೆ ಸುಣ್ಣದಲ್ಲಿ ಬರೆಸಿದ್ದ: 'ಕರೆಯುವುದು ಅಪರಾಧ.' ಅವನು ಅದರ ಮುಂದೆ ಹೋಗಿ ನಿಂತ. ಒದ್ದೆ ಬಟ್ಟೆ ತೆಗೆದುಕೊಂಡು 'ಕರೆಯುವುದು' ಎಂಬ ಮಾತನ್ನು ತಾನೇ ಒರೆಸಿದ. 'ಅಪರಾಧ' ಎಂಬುದು ಒಂದೇ ಉಳಿಯಿತು.

"ಗುರುಗಳೇ, ಕರೆಯುವುದು ತಪ್ಪಲ್ಲ ಅಂತ ಒಪ್ಪಿದೆ. ಆದರೆ ಮಡಕೆ ಒಡೆದದ್ದೂ ನಿಜ ತಾನೆ? ಏನೋ ಒಂದು ತಪ್ಪು ಇದ್ದೇ ಇದೆ. ನೀವೇ ಹೇಳಿ, ಈ ಖಾಲಿ ಜಾಗದಲ್ಲಿ ಏನು ಬರೆಯಲಿ?"

ಸಿಂಗಬ್ಬೆ ಕಲ್ಲನ್ನು ನೋಡಿದರು. ಡಂಗುರ ಕೇಳಿ ಬಂದು, ಹೊತ್ತು ಮುಳುಗಿದರೂ ಬಯಲಿನಲ್ಲಿ ಇನ್ನೂ ನಿಂತೇ ಇದ್ದ ಜನರನ್ನು ನೋಡಿದರು. ಆಮೇಲೆ ಬೊಮ್ಮರಸನನ್ನು.

"ಬಂದವರು ಬಾಗಿಲಲ್ಲಿ ನಿಂತಿರುವಾಗ ಕರೆದವರು ಮನೆಯಲ್ಲಿ ಇಲ್ಲದಿರುವುದು. ಅಷ್ಟು ಬರಿ."