ಸಾಣೆಕಲ್ಲಿಗೆ ಎರೆದ ಪಾದೋದಕ

ಹೊಳೆಕಟ್ಟಿಯ ಮಠವನ್ನು ಹುಡುಕಿಕೊಂಡು ಬಂದವರು ಎಷ್ಟೋ ಸಲ ಮಠವನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದರು. ಅದಕ್ಕೆ ಗೋಪುರವಿರಲಿಲ್ಲ, ಮಹಾದ್ವಾರವಿರಲಿಲ್ಲ. ಚಪ್ಪಲಿ ಹೊಲಿಯುವವರ ಓಣಿಯ ಕೊನೆಯಲ್ಲಿ ಮಣ್ಣಿನ ಮಾಳಿಗೆಯ ಎರಡು ಅಂಕಣ, ಅದರ ಮುಂದೊಂದು ತಗಡಿನ ಚಪ್ಪರ, ಅಷ್ಟೇ. ಪರಮಪೂಜ್ಯ ಶ್ರೀ ಮರುಳಶಾಂತ ಶಿವಯೋಗಿಗಳು ಆ ಚಪ್ಪರದ ಕೆಳಗೆ ಕಂಬಳಿಯ ಮೇಲೆ ಕುಳಿತಿರುತ್ತಿದ್ದರು. ಹದ ಮಾಡಿದ ತೊಗಲಿನ ವಾಸನೆ ಓಣಿಯ ತುಂಬ ಹರಡಿರುತ್ತಿತ್ತು. ದೂರದ ಭಕ್ತರು ಯಾರಾದರೂ ಮೂಗಿಗೆ ವಸ್ತ್ರ ಹಿಡಿದು ಬಂದರೆ ಪೂಜ್ಯರು, "ನಿಮ್ಮ ಕಾಲಾಗಿನ ಚಪ್ಪಲಿ ಇದ ಓಣ್ಯಾಗ ಹುಟ್ಟೇತಿ" ಎಂದು ನಗುತ್ತಿದ್ದರು. ಓಣಿಯ ಜನ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಈ ಪ್ರಸಂಗವನ್ನು ನನಗೆ ಹೇಳಿದವರು ಆ ಓಣಿಯ ಹಿರಿಯ ಕೆಲಸಗಾರರಾದ ಪರಸಪ್ಪನವರು. ಹೇಳುವಾಗ ಅವರಿಗೆ ಎಪ್ಪತ್ತು ದಾಟಿತ್ತು. "ಆವತ್ತಿನ ಪರಸ್ಯಾಗ ಮರ್ಯಾದಿ ಕೊಟ್ಟು ಬರೀಬ್ಯಾಡ್ರಿ, ಅವಗ ಅದು ಸಲ್ಲೂದಿಲ್ಲ" ಎಂದು ಅವರೇ ನನ್ನಿಂದ ಮಾತು ತೆಗೆದುಕೊಂಡರು. ಹಿರಿಯರ ಮಾತು ಮೀರಲಾರೆ. ಹಾಗಾಗಿ ಮುಂದೆ ಏಕವಚನದಲ್ಲೇ ಬರೆಯುತ್ತೇನೆ.

ಪರಸಪ್ಪ ತೊಗಲು ಕೊಯ್ಯುವುದರಲ್ಲಿ ನಿಸ್ಸೀಮ, ಅನುಮಾನ ಪಡುವುದರಲ್ಲಿ ಅದಕ್ಕಿಂತ ನಿಸ್ಸೀಮ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಹೆಂಡತಿ ಬೇಕೆಂದೇ ಹಾಕಿದಳು ಎನ್ನುವನು. ಸೀಸದ ಕಡ್ಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಅದನ್ನು ಯಾರು ಕದ್ದರೆಂದು ಎದುರುಮನೆಯವರ ಮುಖ ನೋಡುವನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಮಾತು ಅವನನ್ನು ನೋಡಿಯೇ ಹುಟ್ಟಿತೇನೋ ಎಂದು ಓಣಿಯವರು ಹಾಸ್ಯ ಮಾಡುತ್ತಿದ್ದರು. ಆದರೆ ಅಜ್ಜಾರ ಮೇಲಿನ ಭಕ್ತಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಆ ಓಣಿಯ ಬದುಕೆಲ್ಲ ರಂಪಿಯ ಮೇಲೆ ನಿಂತಿತ್ತು. ರಂಪಿ ಎಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಚೂರಿ. ಹರಿತವಾದ ರಂಪಿ ಹೇಳಿದ ದಾರಿಯಲ್ಲಿ ಹೋಗುತ್ತದೆ, ಮೊಂಡಾದದ್ದು ಜಾರಿ ಬೆರಳಿಗೆ ಬರುತ್ತದೆ. ಇಪ್ಪತ್ತು ವರ್ಷ ಓಣಿಯ ರಂಪಿಗಳಿಗೆಲ್ಲ ಸಾಣೆ ಹಿಡಿದವಳು ಸಕ್ಕೂಬಾಯಿ. ಊರೂರು ತಿರುಗಿ ಕಬ್ಬಿಣದ ಕೆಲಸ ಮಾಡುವ ಘಿಸಾಡಿ ಜನದವಳು. ಗಂಡ ಈ ಊರಿನಲ್ಲಿ ತೀರಿಕೊಂಡಾಗ ಅವರ ಗಾಡಿಗಳು ಮುಂದೆ ಹೋದವು, ಆಕೆ ಗಂಡನನ್ನು ಮಣ್ಣು ಮಾಡಿದ ನೆಲ ಬಿಟ್ಟು ಹೋಗಲಿಲ್ಲ. ವಯಸ್ಸಾಗಿ ಕೈ ನಡುಗತೊಡಗಿತು. ಚೂರಿಯನ್ನು ಒಂದೇ ಓರೆಯಲ್ಲಿ ಹಿಡಿಯುವುದು ಆಕೆಗೆ ಆಗದಾಯಿತು. ಓಣಿಯಲ್ಲಿ ಕೊಯ್ದುಕೊಂಡ ಬೆರಳುಗಳಿಗೆ ಅರಿಸಿನ ಹಚ್ಚಿ ಹಚ್ಚಿ ಪೂಜ್ಯರ ಮನಸ್ಸು ನೊಂದಿತು.

ಪುಣೆಯ ಕಡೆಯ ಭಕ್ತರೊಬ್ಬರು ಏನಾದರೂ ಸೇವೆ ಅಪ್ಪಣೆಯಾಗಲಿ ಎಂದು ಕೇಳಿದಾಗ ಪೂಜ್ಯರು ಬೆಳ್ಳಿಯ ಪಾದುಕೆ ಕೇಳಲಿಲ್ಲ, ಸಾಣೆಯ ಯಂತ್ರ ಕೇಳಿದರು. ಅದು ಬಂದಿತು. ಊಟದ ತಟ್ಟೆಯಗಲದ ಗುಂಡುಕಲ್ಲು, ಅದನ್ನು ನಿಧಾನವಾಗಿ ತಿರುಗಿಸುವ ಮೋಟಾರು, ಕಲ್ಲಿನ ಕೆಳಭಾಗ ಮುಳುಗುವಂತೆ ನೀರು ತುಂಬುವ ತಗಡಿನ ದೋಣಿ, ಚೂರಿಯನ್ನು ಆನಿಸಿ ಹಿಡಿಯಲು ಒಂದು ಕಬ್ಬಿಣದ ಸರಳು. ಕಲ್ಲು ಒಣಗಿ ತಿರುಗಿದರೆ ಉಕ್ಕು ಕಾದು ಕೆಡುತ್ತದೆ, ಅದಕ್ಕಾಗಿ ನೀರು. ಮಠದ ಪಕ್ಕದ ಕೊಟ್ಟಿಗೆಯಲ್ಲಿ ಅದನ್ನು ನಿಲ್ಲಿಸುವ ಹೊಣೆಯನ್ನು ಪೂಜ್ಯರು ಪರಸಪ್ಪನಿಗೆ ಒಪ್ಪಿಸಿದರು. ಅದೇ ಕೊಟ್ಟಿಗೆಯ ಒಂದು ಮಗ್ಗುಲನ್ನು ಸಕ್ಕೂಬಾಯಿಯ ವಾಸಕ್ಕೆ ಬಿಟ್ಟುಕೊಟ್ಟು, ಕಸ ಹೊಡೆದುಕೊಂಡು ಇರಲಿ ಎಂದರು.

ಪರಸಪ್ಪ ಮೂರು ದಿನ ಊಟ ನಿದ್ದೆ ಮರೆತ. ತಟ್ಟೆಯಲ್ಲಿ ನೀರಿಟ್ಟು ನೋಡಿ, ಮೇಜಿನ ಕಾಲುಗಳಿಗೆ ತೊಗಲಿನ ತುಂಡು ಕೊಟ್ಟು ಸಮ ಮಾಡಿದ. ಗುಳ್ಳೆ ಏಳುವುದು ನಿಲ್ಲುವವರೆಗೆ ಕಲ್ಲಿಗೆ ನೀರು ಕುಡಿಸಿದ. ಸೀಸದ ಕಡ್ಡಿಯನ್ನು ಸರಳಿಗೆ ಒತ್ತಿ ಹಿಡಿದು ಕಲ್ಲು ತಿರುಗಿಸಿದರೆ ಉಬ್ಬಿದ ಕಡೆ ಮಾತ್ರ ಗೆರೆ ಬೀಳುತ್ತದೆ. ಆ ಉಬ್ಬನ್ನು ಗಟ್ಟಿ ಕಲ್ಲಿನಿಂದ ತಿಕ್ಕಿ ತಿಕ್ಕಿ, ಗೆರೆ ಸುತ್ತಲೂ ಒಂದೇ ಸಮ ಬೀಳುವಂತೆ ಮಾಡಿದ. ಕೊನೆಗೆ ರಂಪಿಯ ಓರೆಗೆ ದೀಪದ ಕಾಡಿಗೆ ಹಚ್ಚಿ ಕಲ್ಲಿಗೆ ಒಮ್ಮೆ ಮುಟ್ಟಿಸಿ ನೋಡಿದ. ಕಾಡಿಗೆ ಅರ್ಧ ಉಳಿದರೆ ಸರಳನ್ನು ಕೂದಲೆಳೆಯಷ್ಟು ಎತ್ತುವನು, ಇಲ್ಲವೆ ಇಳಿಸುವನು. ಕಾಡಿಗೆ ಪೂರಾ ಒರಸಿಹೋದಾಗ, ಸರಿಯಾಯಿತು ಎಂದು ಎದ್ದ. ಕೆಲಸವೆಂದರೆ ಅದು.

ಯಂತ್ರ ಶುರುವಾಗುವ ದಿನ ಅವನು ಪೂಜ್ಯರ ಪಾದಪೂಜೆ ಮಾಡಿದ. ಪಾದೋದಕವನ್ನು ತಾಮ್ರದ ಕೊಡದಲ್ಲಿ ಹೊತ್ತು ತಂದು ಕಲ್ಲಿನ ಕೆಳಗಿನ ದೋಣಿಗೆ ಎರೆದ. ಗುರುವಿನ ಪಾದ ತೊಳೆದ ನೀರನ್ನು ನಮ್ಮ ಕಡೆಯವರು ತುಳಿಯುವುದಿಲ್ಲ, ಎಲ್ಲೆಂದರಲ್ಲಿ ಚೆಲ್ಲುವುದೂ ಇಲ್ಲ. ಮೇಲಿನಿಂದ ಬಾವಿಯ ನೀರು ಸೇರಿಸುತ್ತ ಹೋದನೇ ಹೊರತು ಪರಸಪ್ಪ ಆ ದೋಣಿಯನ್ನು ಒಮ್ಮೆಯೂ ಬರಿದು ಮಾಡಲಿಲ್ಲ. ಯಾರೂ ಅದಕ್ಕೆ ಕೈ ಹಚ್ಚಬಾರದೆಂದು ಓಣಿಗೆಲ್ಲ ಹೇಳಿಟ್ಟ.

ಮೊದಲ ದಿನ ರಂಪಿಗಳು ತೊಗಲನ್ನು ಬೆಣ್ಣೆಯಂತೆ ಕೊಯ್ದವು. ಮರುದಿನ ಬೆಳಿಗ್ಗೆ ಯಂತ್ರ ಓಡಿಸಿದರೆ ಕಲ್ಲು ಎಳೆದೆಳೆದು ತಿರುಗಿತು, ಸ್ವಲ್ಪ ಹೊತ್ತಿಗೆ ಚೂರಿ ಸರಳಿನ ಮೇಲೆ ಕುಣಿಯಿತು. ಸೀಸದ ಕಡ್ಡಿ ಹಿಡಿದು ನೋಡಿದರೆ ಗುಂಡು ತಪ್ಪಿದೆ. ಪರಸಪ್ಪ ಮತ್ತೆ ತಿಕ್ಕಿ ಸರಿಮಾಡಿ, ಸಂಜೆ ಕಣ್ಣಾರೆ ನೋಡಿ ಮನೆಗೆ ಹೋದ. ಮರುದಿನ ಮತ್ತೆ ಅದೇ. ನಾಲ್ಕನೆಯ ದಿನವೂ ಅದೇ ಆದಾಗ ಅವನ ಅನುಮಾನ ಹೆಡೆ ಎತ್ತಿತು. ಸಂಜೆ ಸರಿಯಿದ್ದದ್ದು ಬೆಳಿಗ್ಗೆ ಕೆಡುತ್ತದೆ ಎಂದರೆ ಕೆಡಿಸುವವರು ಒಳಗೇ ಇದ್ದಾರೆ. ಯಂತ್ರ ಬಂದು ಯಾರ ಕೆಲಸ ಹೋಯಿತು? ಕೊಟ್ಟಿಗೆಯಲ್ಲಿ ಮಲಗುವವರು ಯಾರು? ಎರಡಕ್ಕೂ ಉತ್ತರ ಒಂದೇ ಆಗಿತ್ತು.

ಒಂದು ಸಂಜೆ ಅವನು ಹೋದಂತೆ ಮಾಡಿ ತಿರುಗಿ ಬಂದ. ಸಕ್ಕೂಬಾಯಿ ದೋಣಿಯ ಮುಂದೆ ಕುಳಿತು ಚಂಬಿನಿಂದ ನೀರು ತೆಗೆಯುತ್ತಿದ್ದಳು. ಅವನ ಒಂದು ಕೂಗಿಗೆ ಚಂಬು ಆಕೆಯ ಕೈಯಿಂದ ಜಾರಿತು. ಅಂದಿನಿಂದ ಯಂತ್ರದ ಸುತ್ತ ತಡಿಕೆ ಕಟ್ಟಿ, ಅದಕ್ಕೊಂದು ಬಾಗಿಲು ಮಾಡಿ, ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಬೀಗ ಹಾಕಿದ ಮರುದಿನವೂ ಕಲ್ಲು ಗುಂಡು ತಪ್ಪಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಮ್ಮ ಅನುಮಾನವನ್ನೇ ಅನುಮಾನಿಸುತ್ತಿದ್ದರು. ಪರಸಪ್ಪ ಹಾಗೆ ಮಾಡಲಿಲ್ಲ. ಆಕೆ ಇನ್ನೊಂದು ಕೀಲಿ ಮಾಡಿಸಿದ್ದಾಳೆ ಎಂದ. ಕೀಲಿ ಸಿಗದಿದ್ದಾಗ ಮಾಟ ಮಾಡಿದ್ದಾಳೆ ಎಂದ. ಓಣಿಯವರೂ ಆಕೆಯನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ನೀರಿಗೆ ಬಂದ ಹೆಂಗಸರು ಆಕೆಯ ಕೊಡ ಸರಿಸಿ ತಮ್ಮ ಕೊಡ ಇಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ ನಾವು, ಬರೆದು ನಾಚಿಕೆಪಡುತ್ತೇನೆ.

ಹೀಗಿರುವಾಗ ಒಂದು ದಿನ ಪರಸಪ್ಪನ ತಮ್ಮ ಯಮನಪ್ಪ ಅಂಕುಡೊಂಕು ಸಾಣೆಯ ರಂಪಿಯಿಂದ ಅಂಗೈಯನ್ನು ಆಳವಾಗಿ ಕೊಯ್ದುಕೊಂಡ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಇನ್ನು ಆ ಕೈಗೆ ಹಿಡಿತ ಬರುವುದೋ ಇಲ್ಲವೋ ಎಂದು ಮನೆಯವರು ಅತ್ತರು. ಮರುದಿನ ಬೆಳಿಗ್ಗೆ ಪರಸಪ್ಪ ಕೊಟ್ಟಿಗೆಗೆ ನುಗ್ಗಿದ. ಸಕ್ಕೂಬಾಯಿಯ ಗಂಟನ್ನು ಎಳೆದುಕೊಂಡು ಬಂದು ಪೂಜ್ಯರ ಮುಂದೆ, ಓಣಿಯ ಮುಂದೆ, ಬಿಚ್ಚಿ ಕೊಡವಿದ. ಒಂದು ಸೀರೆ, ಒಂದು ಇಕ್ಕಳ, ಒಂದು ಸುತ್ತಿಗೆ, ಗಂಡಸರ ಕೆಂಪು ರುಮಾಲು, ಎಳೆಗೂಸಿನ ಕಾಲಿನ ಒಂಟಿ ಕಡಗ ನೆಲದ ಮೇಲೆ ಬಿದ್ದವು.

"ನೋಡ್ರಿ ಅಜ್ಜಾರ, ಸುತ್ತಿಗಿ" ಎಂದ ಪರಸಪ್ಪ. "ಇದರಲೇ ಕಲ್ಲ ಕೆಡಸ್ಯಾಳ. ಇವತ್ತ ಈಕಿ ಓಣಿ ಬಿಡಬೇಕು."

ಕಬ್ಬಿಣ ಬಡಿಯುವವರ ಗಂಟಿನಲ್ಲಿ ಸುತ್ತಿಗೆ ಇರದೆ ಜಪಮಾಲೆ ಇರುತ್ತದೆಯೇ? ಆದರೆ ಆ ಹೊತ್ತಿಗೆ ಅದನ್ನು ಕೇಳುವವರಿರಲಿಲ್ಲ. ಓಣಿ ಹೌದೆಂದು ತಲೆಯಾಡಿಸಿತು. ಸಕ್ಕೂಬಾಯಿ ಕಂಬಕ್ಕೆ ಒರಗಿ ನಿಂತಿದ್ದಳು. ಓಣಿ ಬಿಟ್ಟರೆ ಆ ವಯಸ್ಸಿನಲ್ಲಿ ಆಕೆಗೆ ಹೋಗಲು ಒಂದು ಊರೆಂಬುದಿರಲಿಲ್ಲ.

"ನೀರ ತಗ್ಯಾಕ ಹೋಗಿದ್ನಿ, ಖರೇ" ಎಂದಳು. "ಕಲ್ಲಿಗೆ ಕೈ ಹಚ್ಚಿಲ್ಲರಿ ಅಜ್ಜಾರ."

"ಕೇಳಿದ್ರಿ? ನಿಮ್ಮ ಪಾದೋದಕ ಚೆಲ್ಲಾಕ ಹೋಗಿದ್ಲಂತ" ಎಂದು ಪರಸಪ್ಪ ಓಣಿಯ ಕಡೆ ತಿರುಗಿದ.

ಪೂಜ್ಯರು ಅದುವರೆಗೆ ನೆಲದ ಮೇಲೆ ಬಿದ್ದ ಸಾಮಾನುಗಳನ್ನೇ ನೋಡುತ್ತಿದ್ದರು. ಈಗ ತಲೆ ಎತ್ತಿ ಕೇಳಿದರು: "ದೋಣ್ಯಾಗಿನ ನೀರ ಎಂದಿಂದು, ಪರಸಪ್ಪ?"

"ಪಾದಪೂಜಿ ದಿನದ್ದರಿ. ಇವತ್ತಿನ ತನಕ ಒಂದ ಹನಿ ಚೆಲ್ಲಿಲ್ಲ."

"ನಡೀ, ಬೀಗ ತಗೀ" ಎಂದು ಪೂಜ್ಯರು ಎದ್ದರು.

ಕೊಟ್ಟಿಗೆಗೆ ದಯಮಾಡಿಸಿ, ಮೋಟಾರಿನ ಬೆಲ್ಟ್ ಬಿಚ್ಚಿಸಿದರು. ದೋಣಿಯನ್ನು ಮೆಲ್ಲಗೆ ಕೆಳಗಿಳಿಸಲು ಹೇಳಿದರು. ಈಗ ಕಲ್ಲು ತನ್ನ ಅಚ್ಚಿನ ಮೇಲೆ ತಡೆಯಿಲ್ಲದೆ ನಿಂತಿತು. ರಾತ್ರಿಯೆಲ್ಲ ನೀರಿನಲ್ಲಿ ಮುಳುಗಿದ್ದ ಕೆಳಮಗ್ಗುಲಿಗೆ ಪೂಜ್ಯರು ತಮ್ಮ ಹಣೆಯ ವಿಭೂತಿಯನ್ನು ತೆಗೆದು ಒಂದು ಗುರುತು ಹಚ್ಚಿದರು. "ತಿರುವು" ಎಂದರು.

ಪರಸಪ್ಪ ತಿರುವಿದ. ಕಲ್ಲು ಸುತ್ತಿ ಸುತ್ತಿ ನಿಂತಿತು. ವಿಭೂತಿ ಕೆಳಗೆ ಬಂದಿತ್ತು. ಇನ್ನೊಮ್ಮೆ ತಿರುವಿದ, ವಿಭೂತಿ ಕೆಳಗೇ ಬಂತು. ಮೂರನೆಯ ಸಲ ಅವನು ವಿಭೂತಿಯನ್ನು ಮೇಲೆ ಮಾಡಿ ಕೈಯಿಂದ ಹಿಡಿದು ಬಿಟ್ಟ. ಯಾರೂ ಮುಟ್ಟದೆ ಕಲ್ಲು ತಾನೇ ಹೊರಳಿ, ಬಿಳಿಯ ಗುರುತನ್ನು ಕೆಳಗೆ ತಂದುಕೊಂಡು ನಿಂತಿತು.

"ಸಕ್ಕವ್ವಾ, ಇದು ಹಿಂಗ್ಯಾಕ?" ಎಂದು ಪೂಜ್ಯರು ಕೇಳಿದರು.

"ರಾತ್ರಿಯೆಲ್ಲ ಅರ್ಧಾ ನೀರಾಗ, ಅರ್ಧಾ ಗಾಳ್ಯಾಗ ಇರ್ತೈತ್ರಿ. ತೊಯ್ದ ಮಗ್ಗಲ ಭಾರ ಆಗ್ತೈತಿ, ಮೆತ್ತಗ ಆಗ್ತೈತಿ, ಲಗೂನ ಸವೀತೈತಿ. ಸಂಜಿಗೆ ಕೆಲಸ ಮುಗದ ಮ್ಯಾಲ ನೀರ ತಗದ ಇಡಬೇಕರಿ."

"ಮೊದಲ ಯಾಕ ಹೇಳಲಿಲ್ಲ?"

"ದೇವರ ನೀರ ಚೆಲ್ರಿ ಅಂತ ನಾ ಹೆಂಗ ಹೇಳ್ಲಿ ಅಜ್ಜಾರ? ಹೇಳಿದ್ರ ಯಾರ ಕೇಳ್ತಿದ್ರು?"

ಪೂಜ್ಯರು ಬಾಗಿದರು. ದೋಣಿಯನ್ನು ತಮ್ಮ ಎರಡೂ ಕೈಗಳಿಂದ ಎತ್ತಿ ಹೊರಗೆ ತಂದು, ಜನ ತುಳಿಯುವ ಅಂಗಳದಲ್ಲಿ ಪೂರಾ ಸುರಿದರು. ಪರಸಪ್ಪ "ಅಜ್ಜಾರ, ಪಾದೋದಕ" ಎನ್ನುತ್ತ ಮಂಡಿಯೂರಿ ಬೊಗಸೆ ಒಡ್ಡಿದ. ಬೂದು ಬಣ್ಣದ ಆ ನೀರು ಅವನ ಬೆರಳ ಸಂದಿಯಿಂದ ಹರಿದು ಮಣ್ಣಿಗೆ ಇಳಿಯಿತು.

"ನನ್ನ ಕಾಲ ತೊಳದ ನೀರ ಒಂದ ಹನಿ ಚೆಲ್ಲಬಾರದಂತ ಕಾದಿ, ಪರಸಪ್ಪ" ಎಂದರು ಪೂಜ್ಯರು. "ಈ ತಾಯಿ ಮಾನ ಬೀದಿಗೆ ಚೆಲ್ಲಿದಿ."

ಅಷ್ಟು ಹೇಳಿ ಅವರು ತಮ್ಮ ಕಂಬಳಿಗೆ ಹೋಗಿ ಕುಳಿತರು. ಗದರಲಿಲ್ಲ, ಪ್ರಾಯಶ್ಚಿತ್ತ ಹೇಳಲಿಲ್ಲ. ಓಣಿಯ ಜನ ಒಬ್ಬೊಬ್ಬರಾಗಿ ಮುಖ ತಪ್ಪಿಸಿಕೊಂಡು ಕರಗಿದರು.

ಸಕ್ಕೂಬಾಯಿ ಚಪ್ಪರದ ಕೆಳಗೆ ಕುಳಿತು ತನ್ನ ಸಾಮಾನು ಒಟ್ಟುಮಾಡತೊಡಗಿದ್ದಳು. ಓಣಿ ಬಿಡಲು ನಿರ್ಧರಿಸಿದ್ದಳು. ತಪ್ಪಿಲ್ಲವೆಂದು ಗೊತ್ತಾದ ಮೇಲೂ ಗಂಟು ಬಿಚ್ಚಿ ನೋಡಿದವರ ನಡುವೆ ಹೇಗಿರುವುದು? ಪರಸಪ್ಪ ಎದುರಿಗೆ ಬಂದು ಕುಳಿತ.

"ಬಿಡ್ರಿ ಬಾಯಿ, ನಾ ಕಟ್ತೀನಿ."

ಆಕೆ ಅವನ ಮುಖ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ಸುತ್ತಿಗೆಯ ಮಣ್ಣು ಒರಸಿ ಇಟ್ಟ, ಇಕ್ಕಳ ಇಟ್ಟ. ಎಳೆಗೂಸಿನ ಕಡಗ ಎತ್ತಿಕೊಂಡವನಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಅದನ್ನ ರುಮಾಲಿನಾಗ ಸುತ್ತು" ಎಂದಳು ಸಕ್ಕೂಬಾಯಿ. "ಅಪ್ಪ ಮಗಳು ಕೂಡೇ ಇರ್ಲಿ."

ಪರಸಪ್ಪ ಸುತ್ತಿದ. ತೊಗಲನ್ನು ನೂಲಿನಷ್ಟು ಸಣ್ಣಗೆ ಕೊಯ್ಯಬಲ್ಲ ಆ ಕೈಗಳಿಗೆ ಒಂದು ಗಂಟು ಹಾಕಲು ಆಗಲಿಲ್ಲ. ಮೂರು ಸಲ ಬಿಚ್ಚಿಹೋಯಿತು. ಅವನು ಅಳುತ್ತಿದ್ದ. ನಾಲ್ಕನೆಯ ಸಲ ಆಕೆ ತನ್ನ ನಡುಗುವ ಬೆರಳನ್ನು ಗಂಟಿನ ಮೇಲೆ ಒತ್ತಿ ಹಿಡಿದಳು, ಅವನು ಬಿಗಿದ.

"ಗಟ್ಟಿ ಆತು, ತಮ್ಮಾ. ಒಯ್ದು ಒಳಗಿಡು" ಎಂದಳು.

ಅವನು ಗಂಟನ್ನು ತಲೆಯ ಮೇಲೆ ಹೊತ್ತು, ಓಣಿಯೆಲ್ಲ ನೋಡುತ್ತಿರುವಂತೆ ಕೊಟ್ಟಿಗೆಯೊಳಗೆ ಒಯ್ದ. ತಡಿಕೆಯನ್ನು ಅಂದೇ ಕಿತ್ತುಹಾಕಿದ. ಮುಂದೆ ಸಕ್ಕೂಬಾಯಿ ಬದುಕಿದ್ದ ಒಂಬತ್ತು ವರ್ಷವೂ ಯಂತ್ರದ ಪಕ್ಕದ ಮಣೆ ಆಕೆಯದಾಗಿತ್ತು. ಆಕೆ ಕಲ್ಲಿನ ಸದ್ದು ಕೇಳಿ ಹೇಳುವಳು, ಪರಸಪ್ಪ ಸರಳು ಏರಿಸಿ ಇಳಿಸುವನು. ಯಮನಪ್ಪನ ಕೈಗೆ ಮುಕ್ಕಾಲು ಪಾಲು ಹಿಡಿತ ಬಂದು, ಅವನೂ ಅಲ್ಲೇ ಕೆಲಸಕ್ಕೆ ಕುಳಿತ.

ಇದನ್ನೆಲ್ಲ ಹೇಳಿ ಮುಗಿಸಿದ ಪರಸಪ್ಪನವರನ್ನು ನಾನು ಕೇಳಿದೆ: ಹಾಗಾದರೆ ಗುರುಕೃಪೆಯಿಂದ ನಿಮ್ಮ ಅನುಮಾನದ ಗುಣ ಅಂದೇ ಹೋಯಿತೇ? ಅವರು ಪೂಜ್ಯರ ಗದ್ದುಗೆಯ ಕಡೆ ಕೈ ಮುಗಿದರು.

"ಎಲ್ಲಿ ಹೋಗ್ತೈತ್ರಿ, ಹುಟ್ಟುಗುಣ. ಅನುಮಾನ ಈಗೂ ಬರ್ತೈತಿ. ಆದ್ರ ಈಗ ಮೊದಲ ನನ್ನ ಮ್ಯಾಲ ಬರ್ತೈತಿ."